ಕಡ್ಡಿ ತುಂಬಿದ ಫೋನು

"ಅಲ್ಲೇ ಅದ ನೋಡ್ರಿ, ಜಾನಬಿ ಮಾಳಗಿ ಮ್ಯಾಲಿನ ಡಿಶ್ಶಿನಾಗ. ನಾ ಮೊದಲೇ ಹೇಳಿದ್ದಿಲ್ಲೇನು?"

ದೇವಿಂದ್ರಪ್ಪ ರತ್ನದೀಪನ ಹೆಗಲ ಮೇಲಿಂದ ಬಗ್ಗಿ ಯಂತ್ರದ ಪರದೆ ನೋಡುತ್ತಿದ್ದ. ಮೊಬೈಲ್ ಕಂಪನಿಯಿಂದ ಬಂದಿದ್ದ ರತ್ನದೀಪ ಮೀನಿನ ಮುಳ್ಳಿನಂಥ ಅಂಟೆನಾವನ್ನು ಎದೆಗೊತ್ತಿ ಹಿಡಿದು, ಶಹಾಬಾದಿನ ಆ ಓಣಿಯ ನಡುವೆ ನಿಂತಲ್ಲೇ ನಿಧಾನವಾಗಿ ಸುತ್ತುತ್ತಿದ್ದ. ಹಾಗೆ ಹಿಡಿದರೆ ಬೆನ್ನ ಹಿಂದಿನ ಸಿಗ್ನಲನ್ನು ಅವನ ಮೈಯೇ ತಡೆಯುತ್ತದೆ, ಮುಂದಿನದಷ್ಟೇ ಉಳಿಯುತ್ತದೆ. ಜಾನಬಿಯ ಮನೆಯ ಕಡೆ ತಿರುಗಿದಾಗ ಪರದೆಯ ಗೆರೆ ಎದ್ದು ನಿಂತಿತು.

ಎರಡು ತಿಂಗಳಿಂದ ಇಲ್ಲಿ ಫೋನುಗಳಲ್ಲಿ ಸಿಗ್ನಲಿನ ಕಡ್ಡಿ ತುಂಬಿರುತ್ತಿದ್ದವು, ಕಾಲ್ ಮಾತ್ರ ಹೋಗುತ್ತಿರಲಿಲ್ಲ. ಯಾವುದೋ ಒಂದು ವಸ್ತು ಟವರಿಗೆ ಬೇರೇನೂ ಕೇಳಿಸದಷ್ಟು ಗದ್ದಲ ಎಬ್ಬಿಸುತ್ತಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ದೇವಿಂದ್ರಪ್ಪನ ಮಗಳು ಉಮಾದೇವಿಗೆ ನೋವು ಶುರುವಾದ ದಿನ ಅಂಬುಲೆನ್ಸಿಗೆ ಯಾರ ಫೋನೂ ಹತ್ತಲಿಲ್ಲ. ಅವನು ಸ್ಟೇಷನ್ನಿನ ತನಕ ಓಡಿ ಆಟೋ ತರುವಷ್ಟರಲ್ಲಿ ತಡವಾಗಿತ್ತು. ಮಗಳು ಉಳಿದಳು. ಕೂಸು ಉಳಿಯಲಿಲ್ಲ. ಆಮೇಲೆ ಕಂಪನಿಯವರ ಬೆನ್ನು ಹತ್ತಿ, ಜಗಳಾಡಿ, ರತ್ನದೀಪನನ್ನು ಕರೆಸಿದವನೂ ಅವನೇ.

ಜಾನಬಿ ಕೈಗೆ ಮೆತ್ತಿದ ಜೋಳದ ಹಿಟ್ಟಿನ ಸಮೇತ ಹೊರಗೆ ಬಂದಳು. "ನಮ್ಮ ಡಿಶ್ಶಿಗಿ ಬೈಲಿಕತ್ತೀಯೇನು ಅಣ್ಣಾ? ಅದು ನನ್ನ ಧಾರಾವಾಹಿನೇ ಸೀದಾ ಹಿಡಿಯಂಗಿಲ್ಲ, ಇನ್ನ ನಿನ್ನ ಟವರಿಗಿ ಏನ್ ಮಾಡ್ತದ?"

ನೆರೆದವರಲ್ಲಿ ಯಾರೋ ನಕ್ಕರು.

"ನಗಬ್ಯಾಡ ಜಾನಬಿ. ಒಂದು ಜೀವ ಹೋಗ್ಯದ."

ಅವಳ ಮುಖ ಇಳಿಯಿತು. ಆವತ್ತು ಆಟೋದಲ್ಲಿ ಉಮಾದೇವಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಅವಳೇ. "ಮ್ಯಾಲ ಹತ್ರಿ ಸಾಹೇಬ್ರ," ಎಂದಳು ರತ್ನದೀಪನಿಗೆ. "ಸಿಕ್ಕರ ನಾನೇ ಕಿತ್ತಿ ಒಗೀತೀನಿ."

ಮಾಳಿಗೆಯ ಫರ್ಸಿ ಕಲ್ಲು ಅಂಗಾಲು ಸುಡುತ್ತಿತ್ತು. ರತ್ನದೀಪ ಅಂಟೆನಾವನ್ನು ಡಿಶ್ಶಿನ ಹತ್ತಿರಕ್ಕೆ ಒಯ್ದ. ಗೆರೆ ಏರಲಿಲ್ಲ. ಡಿಶ್ಶಿಗೆ ಬೆನ್ನು ಹಾಕಿ, ಮನೆಯ ಹಿಂಬದಿಗೆ ತಿರುಗಿದ. ಗೆರೆ ಪರದೆಯ ತುದಿ ಮುಟ್ಟಿತು. ಹಿಂದಿನ ಮನೆಯ ಮಾಳಿಗೆಯ ಮೇಲೆ, ನೀರಿನ ಟಾಕಿಯ ಪಕ್ಕ, ಬಿದಿರಿನ ಗಳಕ್ಕೆ ಕಟ್ಟಿದ ಒಂದು ಸಣ್ಣ ಬಿಳಿ ಅಂಟೆನಾ ಮುಖ ಕೆಳಗೆ ಮಾಡಿಕೊಂಡು ನಿಂತಿತ್ತು.

"ಅದು ಯಾರ ಮನೀರಿ?"

ಹಿಂದೆಯೇ ಹತ್ತಿ ಬಂದಿದ್ದ ದೇವಿಂದ್ರಪ್ಪ ಏದುಸಿರು ಬಿಡುತ್ತ ಹೇಳಿದ, "ಅದು ನಮ್ದೇರಿ. ಅದು ಬ್ಯಾರೆ. ಟವರ್ ಜಾಸ್ತಿ ಮಾಡೋ ಮಷೀನು. ಬಾಣಂತಿ ಕ್ವಾಣಿ ಒಳಗಿಂದು, ನಾಕೂ ಕಡಿ ಕಲ್ಲು, ಮ್ಯಾಲೂ ಕಲ್ಲು. ಫೋನ್ ಹತ್ತಂಗಿಲ್ಲ. ನೋವು ಬಂದ್ರ ಹುಡುಗಿ ಕೈಯಾಗ ಫೋನ್ ನಡೀಬೇಕಲ್ರಿ? ಆನ್‌ಲೈನ್‌ದಾಗ ತರಿಸಿ ನಾನೇ ಹಚ್ಚೀನಿ."

"ಮೊದಲಿಂದ ಹಿಂಗೇ ಬಾಗಿತ್ತೇನ್ರಿ?"

"ಇಲ್ಲ. ಎರಡು ತಿಂಗಳ ಹಿಂದ ಮಂಗ್ಯಾ ಕೆಡವಿದ್ವು. ನಾನೇ ಮತ್ತ ಎತ್ತಿ ಕಟ್ಟೀನಿ. ಯಾಕ್ರಿ?"

ಅಂಟೆನಾದ ಮುಖ ಈಗ ಕೋಣೆಯ ಬೆಳಕಿಂಡಿಯ ಕಡೆಗಿತ್ತು. ಕೋಣೆಯೊಳಗಿದ್ದ ಮಷೀನಿನ ಪೆಟ್ಟಿಗೆ ಹೇಳಿದ್ದನ್ನೇ ಅದು ಕೇಳಿಸಿಕೊಂಡು ಮತ್ತೆ ಒಳಗೆ ಕಳಿಸುತ್ತಿತ್ತು. ಮದುವೆ ಮನೆಯಲ್ಲಿ ಮೈಕನ್ನು ಸ್ಪೀಕರಿನ ಮುಂದೆ ಹಿಡಿದರೆ ಕಿರುಚುತ್ತದಲ್ಲ, ಹಾಗೆ. ಟವರಿಗೆ ಕೇಳುತ್ತಿದ್ದುದು ಆ ಕಿರುಚಾಟವೇ. ರತ್ನದೀಪನಿಗೂ ಮಗಳಿದ್ದಳು. ಬಿಸಿಲಿಗೆ ಯಂತ್ರ ಕೆಟ್ಟಿತು, ನಾಳೆ ಬರುತ್ತೇನೆ ಎನ್ನಬಹುದಿತ್ತು.

"ಸಿಕ್ತೇನ್ರಿ?" ಕೆಳಗಿಂದ ಜಾನಬಿ ಕೂಗಿದಳು. "ನಮ್ದೇ ಏನ್ರಿ ಅದು?"

"ನಿಮ್ದಲ್ರಿ ಅಮ್ಮಾ," ಅವನು ಓಣಿಗೆಲ್ಲ ಕೇಳುವಂತೆ ಹೇಳಿದ. "ನಿಮ್ಮ ಡಿಶ್ಶಿಂದು ಏನೂ ತಪ್ಪಿಲ್ಲ."

"ಮತ್ತ ಯಾರ್ದು?"

ರತ್ನದೀಪ ಅಂಟೆನಾವನ್ನು ಕೆಳಗಿಳಿಸಿದ. ದೇವಿಂದ್ರಪ್ಪ ಒಮ್ಮೆ ಅವನ ಮುಖ ನೋಡಿದ, ಒಮ್ಮೆ ಬಿದಿರಿನ ಗಳ ನೋಡಿದ.

"ಒಂದು ಸಲ ಬಂದ್ ಮಾಡಿ ನೋಡೋಣ್ರಿ, ಯಜಮಾನ್ರ," ಎಂದ ರತ್ನದೀಪ ಮೆಲ್ಲಗೆ.

ಇಬ್ಬರೂ ಇಳಿದು ಹಿಂದಿನ ಮನೆಗೆ ಹೋದರು; ಮಷೀನಿನ ಸ್ವಿಚ್ಚು ಬಾಣಂತಿಯ ಕೋಣೆಯಲ್ಲೇ ಇತ್ತು. ಉಮಾದೇವಿ ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಫೋನು ದಿಂಬಿನ ಮೇಲಿತ್ತು. ಖಾಲಿ ತೊಟ್ಟಿಲನ್ನು ಯಾರೋ ಮೂಲೆಗೆ ಸರಿಸಿ ಮೇಲೆ ಚಾದರ ಹೊದಿಸಿದ್ದರು. ರತ್ನದೀಪ ಹೊಸ್ತಿಲ ಹೊರಗೇ ನಿಂತು ಪರದೆಯನ್ನು ದೇವಿಂದ್ರಪ್ಪನಿಗೆ ಕಾಣುವಂತೆ ಹಿಡಿದ. ಗೆರೆ ನೆಟ್ಟಗೆ ನಿಂತಿತ್ತು.

ದೇವಿಂದ್ರಪ್ಪ ಸ್ವಿಚ್ಚು ಒತ್ತಿದ.

ಗೆರೆ ಮಲಗಿತು.

ಸ್ವಲ್ಪ ಹೊತ್ತಿಗೆ ಹೊರಗೆ ಓಣಿಯಲ್ಲಿ ಒಂದು ಫೋನು ರಿಂಗಾಯಿತು, ಹಿಂದೆಯೇ ಇನ್ನೊಂದು. "ಹತ್ತಿತು, ಹತ್ತಿತು!" ಎಂದು ಯಾರೋ ಕೂಗಿದರು. "ದೇವಿಂದ್ರಣ್ಣಾ, ಎಲ್ಲಿದ್ದೀ? ಫೋನ್ ಹತ್ಲಿಕತ್ತಾವ, ಬಾ!" ಅದು ಜಾನಬಿಯ ದನಿ. ಅವಳು ನಗುತ್ತಿದ್ದಳು.

ಉಮಾದೇವಿ ಮಗ್ಗುಲು ಹೊರಳಿ ಫೋನೆತ್ತಿ ನೋಡಿದಳು.

"ಯಪ್ಪಾ, ಟವರ್ ಹೋತು ನೋಡು. ಹಚ್ಚು ಅದನ್ನ."

ದೇವಿಂದ್ರಪ್ಪನ ಬೆರಳು ಇನ್ನೂ ಸ್ವಿಚ್ಚಿನ ಮೇಲೆಯೇ ಇತ್ತು.