ಮುಂದಿನ ಹುಟ್ಟುಹಬ್ಬ ಯಾರದು

ಬೆಳಗಿನ ಪಾಳಿ ಶುರುವಾಗುವ ಮೊದಲು ನಾವೆಲ್ಲ ಹತ್ತಿಗೆ ಸ್ಪಿರಿಟ್ ಹಚ್ಚಿಕೊಂಡು ಹೆಡ್‌ಫೋನ್ ಒರೆಸುತ್ತೇವೆ. ಹಿಂದಿನ ಪಾಳಿಯವರ ಬೆವರು, ತಲೆಯೆಣ್ಣೆ, ಪೌಡರ್ ಎಲ್ಲವೂ ಆ ಕಪ್ಪು ಸ್ಪಂಜಿನಲ್ಲಿ ಕೂತಿರುತ್ತದೆ. ಆ ಹೊತ್ತಿನಲ್ಲಿ ಯಾರೂ ಮಾತಾಡುವುದಿಲ್ಲ. ದಿನವಿಡೀ ಬಾಯಿ ಬಾಡಿಗೆಗೆ ಕೊಟ್ಟವರಿಗೆ ಅಷ್ಟು ಹೊತ್ತಾದರೂ ಅದು ಸ್ವಂತದ್ದಾಗಿರಲಿ ಅನ್ನಿಸುತ್ತದೇನೋ.

ನಮ್ಮದು ಜನಾಭಿಪ್ರಾಯ ಕೇಳುವ ಕಂಪನಿ. ಬರುವ ವರ್ಷ ಚುನಾವಣೆ. ಯಾರು ಗೆಲ್ಲುತ್ತಾರೆ, ಎಲ್ಲಿಯ ಯುದ್ಧ ನಿಲ್ಲುತ್ತದೆ, ಯಾವ ದೇಶದಲ್ಲಿ ಸರ್ಕಾರ ಬೀಳುತ್ತದೆ, ಪೆಟ್ರೋಲ್ ಏರುತ್ತದೆಯೇ ಇಳಿಯುತ್ತದೆಯೇ ಎಂದು ಜನರಿಗೆ ಫೋನ್ ಮಾಡಿ ಕೇಳಬೇಕು. ಹೊಸ ವರ್ಷದ ದಿನ ಟಿವಿಯಲ್ಲಿ ಟೈ ಕಟ್ಟಿಕೊಂಡವರು ಅದನ್ನು ಜನರ ನಾಡಿಮಿಡಿತ ಎಂದು ಓದುತ್ತಾರೆ. ನಾಡಿ ಹಿಡಿದವರಿಗೆ ಗೊತ್ತು ಅದರ ಪಾಡು. ಅರ್ಧ ಜನ ಹಲೋ ಅನ್ನುವಷ್ಟರಲ್ಲಿ ಕಟ್ ಮಾಡುತ್ತಾರೆ. ಉಳಿದವರಲ್ಲಿ ಬಹಳ ಮಂದಿ ಸಾಲದ ಕಂಪನಿಯವರೆಂದುಕೊಂಡು ಬೈಯುತ್ತಾರೆ. ಇಷ್ಟಾದ ಮೇಲೂ ಫೋನ್ ಹಿಡಿದುಕೊಂಡಿರುವ, ಬೇರೆ ಕೆಲಸವಿಲ್ಲದ ನಾಲ್ಕು ಜನ ಹೇಳಿದ್ದೇ ದೇಶದ ಭವಿಷ್ಯ.

ನಮ್ಮ ಮೇಲ್ವಿಚಾರಕನಿಗೆ ನಾವು ಇಟ್ಟ ಹೆಸರು ಕಳ್ಳಗಿವಿ. ಗಾಜಿನ ಗೂಡಿನಲ್ಲಿ ಕೂತು ಯಾರ ಫೋನನ್ನಾದರೂ ಕೇಳಿಸಿಕೊಳ್ಳಬಲ್ಲ. ಆ ಕಡೆಯವರಿಗೆ ಗೊತ್ತಾಗದಂತೆ ನಮ್ಮ ಕಿವಿಯಲ್ಲಿ ಪಿಸುಗುಟ್ಟಲೂಬಲ್ಲ. ಬರೆದುಕೊಟ್ಟ ಪ್ರಶ್ನೆ ಬಿಟ್ಟು ಒಂದು ಮಾತು ಆಚೀಚೆ ಆಗಬಾರದು. ಯಾವುದೋ ಮುದುಕಿಗೆ "ಅಯ್ಯೋ ಪಾಪ" ಅಂದಿದ್ದಕ್ಕೆ ಒಬ್ಬಳನ್ನು ಅವತ್ತೇ ಮನೆಗೆ ಕಳಿಸಿದ್ದ. ಅವನ ಇನ್ನೊಂದು ವೇದವಾಕ್ಯ ಹುಟ್ಟುಹಬ್ಬದ್ದು. ಫೋನ್ ಎತ್ತಿದವರನ್ನೇ ಕೇಳುವಂತಿಲ್ಲ, ಆ ಮನೆಯಲ್ಲಿ ಮುಂದೆ ಯಾರ ಹುಟ್ಟುಹಬ್ಬ ಬರುತ್ತದೋ ಅವರನ್ನು ಕೇಳಬೇಕು. ಇಲ್ಲದಿದ್ದರೆ ಎಲ್ಲ ಮನೆಗಳಲ್ಲೂ ಯಜಮಾನನೇ ಮಾತಾಡಿಬಿಡುತ್ತಾನಂತೆ. "ಇದು ವಿಜ್ಞಾನ ಕಣ್ರೀ," ಎಂದು ವಾರಕ್ಕೊಮ್ಮೆಯಾದರೂ ಬೆರಳೆತ್ತಿ ಹೇಳುತ್ತಿದ್ದ.

ಅವತ್ತು ಮಾತ್ರ ಬಂದವನೇ ಚಪ್ಪಾಳೆ ತಟ್ಟಿದ. "ಸಂಜೆಯೊಳಗೆ ಲೆಕ್ಕ ತುಂಬ್ಬೇಕು. ನೆಂಟ್ರು, ಇಷ್ಟ್ರು, ಅಕ್ಕಪಕ್ಕದವ್ರು, ಯಾರ ನಂಬರ್ ಇದ್ರೂ ಹಾಕಿ."

"ವಿಜ್ಞಾನ ರಜೆ ಹಾಕಿದ್ಯಾ ಸಾರ್?" ಎಂದಳು ನನ್ನ ಪಕ್ಕದ ಸೀಟಿನ ಅಕ್ಕ.

"ನಿಮ್ಮ ಬಾಯಿಗೆ ಮೊದ್ಲು ರಜೆ ಹಾಕಿ."

ಅವನು ಗೂಡಿಗೆ ಹೋದ ಮೇಲೆ ಅಕ್ಕ ನನ್ನ ಕಡೆ ಬಾಗಿದಳು. "ನಾನು ನಮ್ಮನೆ ಆಸಾಮಿ ನಂಬರೇ ಹಾಕ್ತೀನಿ ಕಣೇ. ನಾನು ಮಾತಾಡ್ಸಿದ್ರೆ ಹ್ಞೂಂ ಅನ್ನಲ್ಲ. ಸರ್ಕಾರ ಬೀಳ್ಸೋದು ಹೇಗೆ ಅಂತ ಕೇಳಿದ್ರೆ ಊಟ ಬಿಟ್ಟು ಎದ್ದು ಬರುತ್ತೆ."

ನಾನು ಅಪ್ಪನ ನಂಬರ್ ಒತ್ತಿದೆ.

ಹೋದ ವಾರ ಅಮ್ಮ ಬಚ್ಚಲಲ್ಲಿ ಬಿದ್ದಳಂತೆ. ಚಿಕ್ಕಮ್ಮ ಫೋನ್ ಮಾಡಿ ಹೇಳಿದ್ದು ಅಷ್ಟೇ, ಅದಕ್ಕಿಂತ ಹೆಚ್ಚಿನದು ಅವಳಿಗೂ ತಿಳಿಯದು. ಅಂದಿನಿಂದ ಅಮ್ಮನ ಮೊಬೈಲ್ ಸ್ವಿಚ್ ಆಫ್. ನನ್ನ ನಂಬರ್ ಕಂಡರೆ ಅಪ್ಪ ಕಟ್ ಮಾಡುತ್ತಾರೆ. ಹೋಗಿ ಬರುತ್ತೇನೆಂದು ರಜೆ ಕೇಳಿದರೆ ಕಳ್ಳಗಿವಿ, ಹೊಸ ವರ್ಷ ಕಳೆಯಲಿ ಎಂದಿದ್ದ.

ಅಪ್ಪನದು ಬೀಗದ ಅಂಗಡಿ. ಅಂಗಡಿ ಅವರದು, ಕೆಲಸ ನನ್ನದು. ಶಾಲೆ ಬಿಡಿಸಿ ಕೂರಿಸಿದ್ದರು. ನಾನು ಒಳಗೆ ಕೀಲಿಗೆ ಅರ ಉಜ್ಜುತ್ತಿದ್ದರೆ ಅವರು ಹೊರಗೆ ಕುರ್ಚಿ ಹಾಕಿಕೊಂಡು, ಪೇಪರ್ ಬಿಡಿಸಿ, ದೇಶದೇಶಗಳ ಬೀಗ ತೆಗೆಯುತ್ತಿದ್ದರು. ಯಾವ ಪ್ರಧಾನಿ ಯಾವಾಗ ಮನೆಗೆ ಹೋಗುತ್ತಾನೆಂಬುದು ಅವರಿಗೆ ಗೊತ್ತು. ಮಗಳನ್ನು ಯಾವ ಕ್ಲಾಸಿನಲ್ಲಿ ಬಿಡಿಸಿದೆನೆಂಬುದು ಗೊತ್ತಿಲ್ಲ. ನಾನು ಈ ಕೆಲಸಕ್ಕೆಂದು ಹೊರಟಾಗ "ಇನ್ನು ನೀನು ಸತ್ತಂಗೇ" ಎಂದು ಹೇಳಿ ಮತ್ತೆ ಪೇಪರಿಗೆ ತಲೆ ಹಾಕಿದ್ದರು.

"ಹಲೋ, ಯಾರು?" ಅಪ್ಪನ ದನಿಯ ಹಿಂದೆ ಟಿವಿಯ ಗದ್ದಲ.

"ನಮಸ್ಕಾರ ಸರ್. ಮುಂದಿನ ವರ್ಷದ ಚುನಾವಣೆ ಹಾಗೂ ಜಾಗತಿಕ ಬೆಳವಣಿಗೆಗಳ ಕುರಿತು ತಮ್ಮ ಅಮೂಲ್ಯ ಅಭಿಪ್ರಾಯ ಕೇಳಲು ಕರೆ ಮಾಡಿದ್ದೇವೆ. ಇದು ಟಿವಿಯಲ್ಲಿ ಪ್ರಸಾರವಾಗುತ್ತದೆ."

"ಕೇಳಮ್ಮಾ, ಕೇಳು. ಸರಿಯಾದವ್ರಿಗೇ ಮಾಡಿದೀಯ."

ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಇಷ್ಟುದ್ದದ ವಾಕ್ಯವನ್ನು ಆ ಮನೆಯಲ್ಲಿ ನಾನು ಎಂದೂ ಆಡಿರಲಿಲ್ಲ. ಗಿರಾಕಿ ಬಂದಿದ್ದಾರೆ, ಊಟಕ್ಕೆ ಬನ್ನಿ, ಇಷ್ಟೇ.

"ಮನೆಯಲ್ಲಿ ಮತದಾರರು ಎಷ್ಟು ಜನ ಸರ್?"

"ಇಬ್ರು. ನಾನು, ನನ್ನ ಹೆಂಡ್ತಿ."

ನನ್ನ ಓಟು ಇನ್ನೂ ಅದೇ ವಿಳಾಸದಲ್ಲಿದೆ. ಅದು ಹಾಳಾಗಿ ಹೋಗಲಿ. ಅಮ್ಮ ಇದ್ದಾಳೆ, ಮನೆಯಲ್ಲೇ ಇದ್ದಾಳೆ.

"ಇಬ್ಬರಲ್ಲಿ ಮುಂದೆ ಬರುವ ಹುಟ್ಟುಹಬ್ಬ ಯಾರದು ಸರ್?"

"ಯಾಕೆ, ಕೇಕ್ ಕಳಿಸ್ತೀರಾ?" ತಮ್ಮ ಮಾತಿಗೆ ತಾವೇ ನಕ್ಕರು.

"ನಿಯಮ ಸರ್. ಅವರೇ ಉತ್ತರ ಕೊಡಬೇಕು."

"ಹಾಗಾದ್ರೆ ನಂದೇ."

ಅಪ್ಪನದು ಮುಗಿದು ತಿಂಗಳೂ ಆಗಿರಲಿಲ್ಲ. ಮುಂದಿನದು ಅಮ್ಮನದು.

"ಮನೆಯವರದ್ದು ಯಾವಾಗ ಸರ್?"

"ಯಾರಿಗ್ಗೊತ್ತು? ಅವಳನ್ನ ಕೇಳಿ ಏನ್ ಮಾಡ್ತೀಯಮ್ಮಾ, ಅವಳ ಓಟೂ ನಾನೇ ಹೇಳ್ಕೊಡೋದು. ನೀನು ವಿಷಯಕ್ಕೆ ಬಾ."

ಕಿವಿಯಲ್ಲಿ ಕಳ್ಳಗಿವಿಯ ಪಿಸುದನಿ ಬಂತು: "ಹುಟ್ಟುಹಬ್ಬ ಬಿಟ್ಹಾಕಿ. ದೊಡ್ಡ ಮೀನು ಸಿಕ್ಕಿದೆ, ಎಳೀರಿ."

ಮೀನು ತಾನಾಗಿ ಬುಟ್ಟಿಗೆ ಹಾರುತ್ತಿತ್ತು. ಬರುವ ವರ್ಷ ಎರಡು ಸರ್ಕಾರ ಬೀಳುತ್ತದೆ, ಬರೆದುಕೊ ಎಂದರು ಅಪ್ಪ. ಡಾಲರ್ ಏಳುತ್ತದೆ, ಏಳುವುದಿಲ್ಲ ಅನ್ನುವವನು ಮೂರ್ಖ. ಯುವಕರು ಓಟು ಹಾಕುವುದಿಲ್ಲ, ಹಾಕಲೂಬಾರದು. ನಾನು ಪ್ರತಿ ಉತ್ತರಕ್ಕೂ ಒಂದು ಗುಂಡಿ ಒತ್ತುತ್ತಾ ಹೋದೆ. ಹೀಗೆ ಒತ್ತಿದ್ದೇ ಮುಂದೆ ಬಣ್ಣದ ಕಂಬಗಳಾಗಿ ಟಿವಿಯಲ್ಲಿ ಏಳುತ್ತದೆ, ನೋಡಿದವರು ಬಾಯಿಗೆ ಬೆರಳಿಟ್ಟುಕೊಳ್ಳುತ್ತಾರೆ.

"ಗಡಿಯಲ್ಲಿನ ಯುದ್ಧ ಮುಂದಿನ ವರ್ಷ ನಿಲ್ಲುತ್ತದೆಯೇ ಸರ್?"

"ನಿಲ್ಲುತ್ತೆ. ಎರಡೂ ಕಡೆಯವ್ರನ್ನ ಎದುರುಬದುರು ಕೂರಿಸ್ಬೇಕು ಅಷ್ಟೇ. ಮಾತಾಡಿದ್ರೆ ಬಗೆಹರಿಯದೆ ಇರೋದು ಪ್ರಪಂಚದಲ್ಲಿ ಯಾವುದಿದೆ ಹೇಳು?"

ಅಷ್ಟರಲ್ಲಿ ಅವರ ಹಿಂದೆ ಎಲ್ಲೋ ಲೋಟ ಉರುಳಿದ ಸದ್ದು. ಆಮೇಲೆ ಅಮ್ಮನ ದನಿ, ಹಗ್ಗ ಎಳೆದ ಹಾಗೆ: "ರೀ... ಒಂಚೂರು ಹಿಡ್ಕೊಳ್ರೀ, ಏಳಕ್ಕಾಗ್ತಿಲ್ಲ."

"ಸುಮ್ನಿರೇ! ಟಿವಿಯವ್ರು ಮಾತಾಡ್ತಿದಾರೆ!" ಮತ್ತೆ ನನ್ನ ಕಡೆಗೆ, ಬೆಣ್ಣೆಯಂಥ ದನಿಯಲ್ಲಿ: "ಹ್ಞಾಂ, ಮುಂದಿಂದು ಕೇಳಮ್ಮಾ."

ಮುಂದಿನದು ಹೀಗಿತ್ತು: "ಬರುವ ವರ್ಷ ನಿಮ್ಮ ಕುಟುಂಬದ ಸ್ಥಿತಿ ಸುಧಾರಿಸುತ್ತದೆಯೇ, ಹೀಗೇ ಇರುತ್ತದೆಯೇ, ಕೆಡುತ್ತದೆಯೇ?"

"ಹೀಗೇ ಇರುತ್ತೆ. ಇಲ್ಲೇನಿದೆ ಆಗಕ್ಕೆ?"

"ಮನೆಯಲ್ಲಿ ಯಾರಿಗೋ ಪೆಟ್ಟಾಗಿದೆಯಾ ಸರ್? ಡಾಕ್ಟರಿಗೆ ತೋರಿಸಿದ್ರಾ?"

"ಎಲ್ಲಿದೇರೀ ಈ ಪ್ರಶ್ನೆ?" ಕಳ್ಳಗಿವಿಯ ದನಿ ಈಗ ಪಿಸುಮಾತಾಗಿರಲಿಲ್ಲ.

ಅಪ್ಪ ಮಾತು ತೇಲಿಸಿದರು. "ಸೊಂಟ ಉಳುಕಿದೆ. ಬಿದ್ದೋರು ಏಳ್ತಾರೆ ಬಿಡು. ಇದನ್ನೂ ಟಿವೀಲಿ ಹಾಕ್ತೀರಾ? ಅದಿರ್ಲಿ, ನನ್ನ ಹೆಸ್ರು ಹಾಕ್ತೀರಾ ಇಲ್ವಾ?"

ಗಾಜಿನ ಬಾಗಿಲು ತೆರೆದುಕೊಂಡಿತು. ಕಳ್ಳಗಿವಿ ಬಂದು ನನ್ನ ಕುರ್ಚಿಯ ಹಿಂದೆ ನಿಂತ. ಫೋನ್ ಕಟ್ ಮಾಡಲು ಕೈ ಚಾಚಿದ. ಪಕ್ಕದ ಅಕ್ಕ ತನ್ನ ಗಂಡನನ್ನು ಲೈನಿನಲ್ಲಿ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ನಾನು ಗುಂಡಿಯನ್ನು ಅಂಗೈಯಿಂದ ಮುಚ್ಚಿದೆ. ಕಂಪನಿ ಕಲಿಸಿಕೊಟ್ಟ ದನಿ ಬಿಟ್ಟು ನನ್ನದರಲ್ಲಿ ಮಾತಾಡಿದೆ.

"ಅಪ್ಪಾ, ನಾನು. ಫೋನ್ ಅಮ್ಮನ ಕೈಗೆ ಕೊಡಿ."

ಆ ಕಡೆ ಟಿವಿಯ ಸದ್ದು ತಟ್ಟನೆ ನಿಂತಿತು. ಫೋನ್ ಇಟ್ಟಿರಲಿಲ್ಲ, ಮೂಗಿನ ಉಸಿರು ಕೇಳುತ್ತಿತ್ತು. ಲೋಕವನ್ನೆಲ್ಲ ಇಷ್ಟು ಹೊತ್ತು ಬಗೆಹರಿಸಿದ ಬಾಯಿ ಅದೇ.

"ಅಮ್ಮನಿಗೆ ಕೊಡಿ ಅಪ್ಪಾ," ಎಂದೆ ಇನ್ನೊಮ್ಮೆ.