ಭಾರತಮ್ಮನ ಹುಳು ಮನೆಗೆ ಬಂದ ಟಿವಿ ಮೆಷಿನ್

ಮಧ್ಯಾಹ್ನ ಊಟ ಮುಗಿಸಿ ಸ್ವಲ್ಪ ಹೊತ್ತು ಕೂರೋಣ ಎಂದು ಟಿವಿ ಹಾಕಿದರೆ ಸಾಕು, ಸಾಮಾನು ಮಾರುವ ಒಬ್ಬಳು ಬಂದು ಕಿರುಚುತ್ತಾಳೆ. ಹತ್ತೇ ನಿಮಿಷ ಉಳಿದಿದೆಯಂತೆ, ಬೇಗ ಫೋನ್ ಮಾಡಬೇಕಂತೆ. ನಿನ್ನೆಯೂ ಹತ್ತೇ ನಿಮಿಷ ಇತ್ತು, ನಾಳೆಯೂ ಇರುತ್ತದೆ. ಅವಳಿಗೆ ನಾಚಿಕೆಯಾದರೂ ಬೇಡವೇ? ಆ ಮಾತು ನಂಬಿ ನಮ್ಮ ಬೈರಕೂರಿನ ಕಡೆ ಎಷ್ಟು ಮನೆಗಳಿಗೆ ಏನೇನು ಬಂದಿಳಿದಿದೆ ಅಂತೀರಿ! ಹೊಟ್ಟೆ ಕರಗಿಸುವ ಬೆಲ್ಟು, ಕೂದಲು ಬೆಳೆಸುವ ಬಾಚಣಿಗೆ. ದಿನವಿಡೀ ಬಗ್ಗಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವವರಿಗೆ ಕರಗಿಸುವಷ್ಟು ಹೊಟ್ಟೆ ಎಲ್ಲಿಂದ ಬರಬೇಕು?

ನಮ್ಮ ಮಹಿಳಾ ಸಂಘದವರಿಗೆ ರೇಗಿಹೋಯಿತು. ಬೈದರೆ ಯಾರೂ ಕೇಳುವುದಿಲ್ಲ, ನಗಿಸಿದರೆ ಕೇಳಬಹುದು ಎಂದು ಫೋನಿನಲ್ಲೇ ಒಂದು ಹಾಸ್ಯ ಸಿನಿಮಾ ತೆಗೆದೆವು. ತೆಗೆದವಳು ಪಕ್ಕದ ಮನೆ ಭಾರತಮ್ಮನ ಮಗಳು ಮೇಘನ. ಟಿವಿಯಲ್ಲಿ ಸಾಮಾನು ಮಾರುವವಳ ಪಾತ್ರ ಈ ಗಂಗಾಲಕ್ಷ್ಮಿಯದು, ಅಂದರೆ ನನ್ನದು. ಬಾಯಿ ದೊಡ್ಡದು ಅಂತ ನನಗೇ ಕೊಟ್ಟರು.

ಸಂಜೆ ಹಾಲಿನ ಡೈರಿಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು, ಹಾಲು ಹಾಕಲು ಬಂದವರನ್ನೆಲ್ಲ ಕೂರಿಸಿಕೊಂಡೆವು. ಪರದೆಯ ಮೇಲೆ ನಾನು ಮದುವೆ ಸೀರೆ ಉಟ್ಟು, ಕೆಂಪು ಬಲ್ಬು ಸಿಕ್ಕಿಸಿದ ಟಿಫನ್ ಡಬ್ಬಿ ಹಿಡಿದು ಕುಣಿಯುತ್ತಿದ್ದೆ.

"ಪ್ಲಗ್ಗಿಗೆ ಹಾಕಿ ಅಮ್ಮಂದಿರೇ! ಇರುವೆ ಓಡ್ತದೆ, ಜಿರಲೆ ಓಡ್ತದೆ, ನಿಮ್ಮತ್ತೇನೂ ಓಡ್ತಾರೆ!"

ಭಾರತಮ್ಮನ ಗಂಡ ಸುಬ್ಬರಾಯಪ್ಪ ನಕ್ಕು ನಕ್ಕು ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಂಡ. ಸಿನಿಮಾದಲ್ಲಿ ಒಬ್ಬಳು ಫೋನ್ ಮಾಡಿ ಕೇಳುತ್ತಾಳೆ: "ಮೇಡಮ್ಮೋರೆ, ನಮ್ಮನೇಲಿ ರೇಷ್ಮೆ ಹುಳ ಐತೆ. ಅದೂ ಓಡೋಗ್ತದಾ?"

"ಎಲ್ಲಾ ಹುಳಾನೂ ಗ್ಯಾರಂಟಿ ಕಣಮ್ಮಾ!"

ಜನ ಹೋ ಎಂದು ನಕ್ಕರು. ಭಾರತಮ್ಮ ಮಾತ್ರ ನಗಲಿಲ್ಲ. ಎದ್ದು ನಿಂತಳು.

"ರೀ, ಮಧ್ಯಾಹ್ನ ಬಂತಲ್ಲ, ಅದನ್ನ ಹುಳು ಮನೇಲಿ ಹಾಕಿ ಬಂದ್ರಲ್ರೀ!" ಎಂದವಳೇ ಮನೆಯ ಕಡೆ ಓಡಿದಳು. ನಾವೂ ಹಿಂದೆಯೇ ಓಡಿದೆವು.

ರೇಷ್ಮೆ ಸಾಕುವ ಹುಳು ಮನೆಯ ಬಾಗಿಲು ತೆಗೆದರೆ ಮಲ್ಲಿಗೆ ವಾಸನೆ ಮುಖಕ್ಕೆ ಹೊಡೆಯಿತು. ಇರುವೆ ಕಾಟಕ್ಕೆಂದು ಟಿವಿ ನೋಡಿ ತರಿಸಿದ ಮೆಷಿನ್ ಗೋಡೆಯ ಮೇಲೆ ಹಸಿರು ದೀಪ ಉರಿಸಿಕೊಂಡು ಕೂತಿತ್ತು. ಮಗಳು ನಗುತ್ತಾಳೆ ಎಂದು ಗಂಡ ಹೆಂಡತಿ ಅದನ್ನು ಯಾರಿಗೂ ಹೇಳಿರಲಿಲ್ಲ. ಈ ಭಾರತಮ್ಮ ಎಂಥವಳು ಗೊತ್ತೇ? ವಾಸನೆ ಹುಳುವಿಗೆ ಆಗದು ಎಂದು ಪೌಡರ್ ಹಚ್ಚಿಕೊಂಡವರನ್ನು ಹುಳು ಮನೆಯೊಳಗೆ ಬಿಡುವವಳಲ್ಲ. ಮುಡಿದ ಹೂವನ್ನೂ ಹೊರಗೆ ತೆಗೆದಿಟ್ಟು ಬರಬೇಕು. ಅಂಥ ಮನೆಯೊಳಗೆ ಕೈಯಾರೆ ವಿಷ ಸಿಕ್ಕಿಸಿದ್ದರು.

ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದು ಗಬಗಬ ಸೊಪ್ಪು ತಿನ್ನಬೇಕಾದ ಹುಳುಗಳು ತಲೆ ಎತ್ತಿ ಒದ್ದಾಡುತ್ತಿದ್ದವು. ಬಾಯಿಂದ ಹಸಿರು ರಸ ಬರುತ್ತಿತ್ತು. ಹಾಕಿದ ಸೊಪ್ಪು ಹಾಕಿದಂತೆಯೇ ಬಿದ್ದಿತ್ತು.

"ಇನ್ನೇನು ಗೂಡು ಕಟ್ಟೋ ಹುಳ ಕಣೇ ಗಂಗಾ! ಕೂಸು ಸಾಕಿದಂಗೆ ಸಾಕಿದ್ನಲ್ಲೇ!" ಎಂದು ಭಾರತಮ್ಮ ಎದೆ ಎದೆ ಬಡಿದುಕೊಂಡಳು.

ಸುಬ್ಬರಾಯಪ್ಪ ಇನ್ನೂ ಬಗ್ಗಲಿಲ್ಲ. "ಊರುಕೋಮ್ಮಾ, ಸುಮ್ನಿರು. ಅದು ಬರೀ ಗಿಡಮೂಲಿಕೆ. ಮಗು ಪಕ್ಕ ಇಟ್ರೂ ಏನಾಗಲ್ಲ ಅಂತ ಟಿವೀಲಿ ಹೇಳವ್ರೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಯಾರು ಹೇಳಿದ್ದು? ಮಾರೋವ್ಳು ತಾನೇ? ಅವ್ಳು ಯಾವತ್ತಾದ್ರೂ ಹುಳ ಸಾಕವ್ಳಾ? ಇರುವೆ ಬಂದ್ರೆ ಹುಳದ ತಟ್ಟೆ ಇಡೋ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಲು ಇಡ್ಬೇಕು ಅನ್ನೋದು ನಿಂಗೆ ಗೊತ್ತಿರ್ಲಿಲ್ವಾ? ಪಕ್ಕದ ಮನೇಲಿ ನಾನು ಸತ್ತೋಗಿದ್ನಾ, ಒಂದು ಮಾತು ಕೇಳೋಕೆ?"

ಮೇಘನ ಮೆಷಿನ್ ಕಿತ್ತು, ಡಬ್ಬಿ ತಿರುಗಿಸಿ ಫೋನಿನ ಬೆಳಕು ಹಿಡಿದಳು. "ಅಪ್ಪಾ, ಇಲ್ಲಿ ಸಣ್ಣಕ್ಷರದಲ್ಲಿ ಕೀಟನಾಶಕ ಅಂತಿದೆ. ರೇಷ್ಮೆ ಹುಳೂನೂ ಕೀಟಾನೇ ಅಲ್ವೇನಪ್ಪಾ?"

ಸುಬ್ಬರಾಯಪ್ಪ ತಾನೇ ಮೊದಲು ಹುಳುವಿನ ತಟ್ಟೆಗೆ ಕೈ ಹಾಕಿದ. ನಾವು ಕಿಟಕಿಗಳನ್ನು ತೆರೆದು, ತಟ್ಟೆಗಳನ್ನು ನಮ್ಮ ಜಗಲಿಗೆ ಹೊತ್ತೊಯ್ದು, ಹೊಸ ಸೊಪ್ಪು ಹಾಕಿದೆವು. ಬಾಗಿಲ ಬಳಿ ಇದ್ದ ಒಂದಿಷ್ಟು ಹುಳು ಬದುಕಿದವು. ಉಳಿದವನ್ನೆಲ್ಲ ಬೆಳಿಗ್ಗೆ ತೋಟದ ಹಿಂದೆ ಗುಂಡಿ ತೋಡಿ ಮುಚ್ಚಿದರು.

ಆಮೇಲೆ ಸುಬ್ಬರಾಯಪ್ಪ ಆ ಟಿವಿ ನಂಬರಿಗೆ ಫೋನ್ ಮಾಡಿದ. ನಾವೆಲ್ಲ ಸುತ್ತ ನಿಂತು ಕೇಳುತ್ತಿದ್ದೆವು. ಆ ಕಡೆಯವಳ ದನಿ ಬೆಣ್ಣೆಯಂತಿತ್ತು. "ಹುಳ ಸತ್ತಿವೆ ಅಂದ್ರೆ ಮೆಷಿನ್ ಚೆನ್ನಾಗಿ ಕೆಲಸ ಮಾಡ್ತಿದೆ ಸರ್. ಬೆಡ್‌ರೂಮಿಗೂ ಒಂದು ಬುಕ್ ಮಾಡ್ಲಾ?"

ಅವನು ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಬರೆಯುವಂತಿದ್ದರೆ ದಪ್ಪಕ್ಷರದಲ್ಲಿ ಬರೆಯುತ್ತಿದ್ದೆ. ಅವಳು ಫೋನ್ ಇಟ್ಟ ಮೇಲೆ ಮೇಘನ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದಳು.

ಮುಂದಿನ ವಾರ ದೇವರಾಯಸಮುದ್ರದಲ್ಲಿ ಸಿನಿಮಾ ತೋರಿಸಲು ಹೊರಟಾಗ ಸುಬ್ಬರಾಯಪ್ಪ ತಾನಾಗಿಯೇ ಬಂದ. ಶುರುವಾಗುವ ಮುಂಚೆ ಪರದೆಯ ಮುಂದೆ ನಿಂತ.

"ನಗ್ರಪ್ಪಾ, ಚೆನ್ನಾಗಿ ನಗ್ರಿ. ನಾನೂ ಹೊಟ್ಟೆ ಹಿಡ್ಕೊಂಡು ನಗ್ತಾ ಕೂತಿದ್ದೆ. ಆವಾಗ್ಲೇ ನನ್ ಮನೇಲಿ ನನ್ ಹುಳ ಸಾಯ್ತಾ ಇದ್ವು."

ಅಷ್ಟು ಹೇಳಿ ಹೋಗಿ ಹಿಂದೆ ಕೂತ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಈಗ ನಿಮಗೆ ಹೇಳುತ್ತೇನೆ. ಟಿವಿ ನಂಬರ್ ಒತ್ತುವ ಮುಂಚೆ ಈ ಸಾಮಾನು ನಮ್ಮ ಮನೆಗೆ ಬೇಕೇ ಎಂದು ಮನೆಯವರೆಲ್ಲ ಕೂತು ಮಾತಾಡಿ. ಒಳಗೆ ಏನು ಹಾಕಿದ್ದಾರೆ, ಕೆಟ್ಟರೆ ವಾಪಸ್ ತೆಗೆದುಕೊಳ್ಳುತ್ತಾರೆಯೇ, ಕೇಳಿ. ನೆಟ್ಟಗೆ ಉತ್ತರ ಬರದಿದ್ದರೆ ಫೋನ್ ಇಟ್ಟುಬಿಡಿ. ಡಬ್ಬಿಯ ಸಣ್ಣಕ್ಷರ ಓದಲು ಬರದಿದ್ದರೆ ಬರುವವರ ಕೈಯಲ್ಲಿ ಓದಿಸಿ. ಮೋಸ ಹೋದರೆ ಬಾಯಿ ಮುಚ್ಚಿಕೊಂಡಿರಬೇಡಿ, 1915ಕ್ಕೆ ಹೇಳಿ. ಪಕ್ಕದ ಮನೆಯವರು ನಗುತ್ತಾರೆ ಎಂದು ಮಾತ್ರ ಏನನ್ನೂ ಬಚ್ಚಿಡಬೇಡಿ. ನಾವು ನಗುತ್ತೇವೆ, ಖಂಡಿತ ನಗುತ್ತೇವೆ. ನಗುತ್ತಲೇ ಬಂದು ಪ್ಲಗ್ ಕಿತ್ತು ಹಾಕುತ್ತೇವೆ.