ಎಡವಟ್ಟಿನ ಇಲಾಖೆ

ಊರಿಗೆಲ್ಲ ಅವನು ಏಕವಚನ, ಅವನ ಹೆಂಡತಿ ಬಹುವಚನ. ಸಭೆ, ಸಮಾರಂಭ, ಮದುವೆ ಮಾಡಿಸುತ್ತಿದ್ದ ಅವನನ್ನು ಜನ 'ಗಡಿಬಿಡಿ ಬಂದ, ಗಡಿಬಿಡಿ ಹೋದ' ಎನ್ನುತ್ತಿದ್ದರು. ಹಲ್ಲಿನ ಡಾಕ್ಟರಮ್ಮ ಮಾತ್ರ 'ಬಂದರು, ಹೋದರು'. ಕೈಯಲ್ಲಿ ಡ್ರಿಲ್ಲು ಹಿಡಿದು ನಿಂತವರ ಬಗ್ಗೆ ಗೌರವ ತಾನಾಗಿಯೇ ಬರುತ್ತದೆ.

ಗಡಿಬಿಡಿ ಕೂತು ಊಟ ಮಾಡಿದ್ದನ್ನು ಕಂಡವರಿಲ್ಲ. ಒಂದು ಕಿವಿಗೆ ಫೋನು, ಇನ್ನೊಂದಕ್ಕೆ ವಾಕಿಟಾಕಿ, ಎರಡರಲ್ಲೂ ಬೇರೆ ಬೇರೆ ಸುಳ್ಳು. ಹೂವಿನವನಿಗೆ "ಲೈಟಿನವನು ಬಂದಾಯ್ತು, ನೀನೆಲ್ಲಿ?" ಎನ್ನುತ್ತಿದ್ದ, ಲೈಟಿನವನಿಗೆ "ಹೂವಿನವನು ಬಂದಾಯ್ತು." ಮಧ್ಯಾಹ್ನ ಮಲಗುವ ಅಭ್ಯಾಸವೇ ಇಲ್ಲದ ಆ ಮನುಷ್ಯ ಹೋದ ತಿಂಗಳು ಒಂದು ಮಧ್ಯಾಹ್ನ "ಐದೇ ನಿಮಿಷ" ಎಂದು ಸೋಫಾದ ಮೇಲೆ ಒರಗಿದ. ಹೇಳಿದ ಹೊತ್ತಿಗೆ ಅವನು ಎದ್ದು ಬಾರದೇ ಹೋದದ್ದು ಜೀವಮಾನದಲ್ಲಿ ಅದೊಂದೇ ಸಲ.

ನೆನಪಿನ ಸಭೆಯನ್ನು ಅವನ ತಂಗಿಯೇ ನಡೆಸುತ್ತಿದ್ದಳು. ಅಣ್ಣನ ಎಲ್ಲ ಕಾರ್ಯಕ್ರಮಗಳಿಗೂ ಪರದೆಯ ಹಿಂದೆ ನಿಂತವಳು ಅವಳೇ. ಡಾಕ್ಟರಮ್ಮನನ್ನು ಮೊದಲ ಸಾಲಿನಲ್ಲಿ ಕೂರಿಸಿ, "ಅತ್ತಿಗೆ, ನೀವು ಕೊನೇಲಿ ಮಾತಾಡಿ. ಅಲ್ಲೀತನಕ ಅಳೋ ಹಾಗಿದ್ರೆ ಎಡಗಡೆಗೆ ತಿರುಗಿ ಅಳಿ, ಕ್ಯಾಮೆರಾ ಬಲಗಡೆ ಇದೆ" ಎಂದು ಹೇಳಿ ಹೋಗಿದ್ದಳು. ಡಾಕ್ಟರಮ್ಮನಿಗೆ ಅಳು ಬರಲಿಲ್ಲ. ಹಿಂದೆ ಕೂತ ಅರ್ಧ ಜನರನ್ನು ಅವರು ಹೆಸರಿಗಿಂತ ಹಲ್ಲಿನಿಂದಲೇ ಬಲ್ಲರು. ಅಷ್ಟೊಂದು ಪರಿಚಿತ ಬಾಯಿಗಳ ನಡುವೆ ಅಳುವುದು ಕಷ್ಟ.

ಮಾಜಿ ಮೇಯರ್ ಮೊದಲು ಮಾತಾಡಿದರು. ಫ್ರಿಜ್ ಕಂಪನಿಯ ಸಮಾರಂಭದಲ್ಲಿ ಗಡಿಬಿಡಿ ಆಳೆತ್ತರದ ಫ್ರಿಜ್ಜು ಮಾಡಿಸಿ, ಅದರೊಳಗಿಂದ ಮೇಯರರನ್ನು ಹೊರಗೆ ತರುವ ಯೋಜನೆ ಹಾಕಿದ್ದ. ಬ್ಯಾಂಡು ಬಾರಿಸಿತು, ಹೊಗೆ ಬಂತು, ಮೇಯರ್ ಬರಲಿಲ್ಲ. ಬಾಗಿಲು ಅಂಟಿಕೊಂಡಿತ್ತು. ಕೊನೆಗೂ ಹೊರಬಿದ್ದ ಮೇಯರ್ ಬೆವರು ಒರೆಸಿಕೊಂಡು "ನಾನಿನ್ನೂ ಕೆಟ್ಟಿಲ್ಲ" ಎಂದರು. ಊರು ಬಿದ್ದು ಬಿದ್ದು ನಕ್ಕಿತು. ಮುಂದಿನ ಚುನಾವಣೆಯನ್ನು ಅವರು ಆ ಒಂದು ಮಾತಿನ ಮೇಲೆಯೇ ಗೆದ್ದರು. "ಬಾಗಿಲು ಅಂಟ್ಕೊಂಡಿದ್ದು ನನ್ನ ಅದೃಷ್ಟ" ಎಂದು ಗದ್ಗದಿತರಾಗಿ ಕೂತರು.

ಆಮೇಲೆ ಮೈಕು ಹಿಡಿದವನು ಲೈಟಣ್ಣ. ಜೀವನವಿಡೀ ಬೇರೆಯವರ ಮೇಲೆ ಬೆಳಕು ಬಿಟ್ಟವನಿಗೆ ಒಮ್ಮೆ ತನ್ನ ಮೇಲೆ ಬಿದ್ದರೆ ಏನಾಗುತ್ತದೋ ಅದೇ ಆಯಿತು.

"ಬಾಗಿಲು ಅಂಟ್ಕೊಳ್ಳಲಿಲ್ಲ ಸಾರ್. ಅಂಟಿಸಿದ್ದು. ಗಡಿಬಿಡಿ ಹೇಳೋನು, ಎಲ್ಲಾ ಸರಿಯಾಗಿ ನಡೆದ ಕಾರ್ಯಕ್ರಮನ ಜನ ಗಾಡಿ ತೆಗೆಯೋ ಹೊತ್ತಿಗೆ ಮರ್ತುಬಿಡ್ತಾರೆ, ಒಂದೇ ಒಂದು ಎಡವಟ್ಟಾಗಲಿ, ಹತ್ತು ವರ್ಷ ಊಟಕ್ಕೆ ಕೂತಾಗೆಲ್ಲ ಹೇಳ್ತಾರೆ ಅಂತ. ಹಾಗಾಗಿ ಪ್ರತಿ ಕಾರ್ಯಕ್ರಮಕ್ಕೂ ಒಂದು ಎಡವಟ್ಟು ನಾವೇ ತಯಾರು ಮಾಡ್ತಿದ್ವಿ. ಊಟದ ಇಲಾಖೆ, ಲೈಟಿನ ಇಲಾಖೆ ಇದ್ದ ಹಾಗೆ ಎಡವಟ್ಟಿನ ಇಲಾಖೆ. ಅವನ ತಂಗೀನೇ ಮುಖ್ಯಸ್ಥೆ."

ಮಾಜಿ ಮೇಯರ್ ಎದ್ದು ನಿಂತರು. "ಅಂದ್ರೆ ನನ್ನನ್ನ ಬೇಕೂಂತ ಒಳಗಿಟ್ಟಿದ್ರಾ?"

"ಗಾಳಿಗೆ ತೂತು ಮಾಡಿದ್ವಲ್ಲ ಸಾರ್."

ಮೂಲೆಯಿಂದ ಇನ್ನೊಬ್ಬರು ಎದ್ದರು. "ನಮ್ಮ ಬ್ಯಾಂಕಿನ ಬೆಳ್ಳಿಹಬ್ಬದಲ್ಲಿ ಅಧ್ಯಕ್ಷರ ತಲೆ ಮೇಲೆ ಪರದೆ ಬಿತ್ತಲ್ಲ?"

"ಇಲಾಖೆ. ಅದಕ್ಕೇ ಅವತ್ತು ಮೆತ್ತನೆ ಬಟ್ಟೆ ತರಿಸಿದ್ವಿ."

"ನನ್ನ ಮಗಳ ಮದುವೇಲಿ ಬ್ಯಾಂಡಿನವರು ಎದುರು ಮನೆಗೆ ಹೋಗಿ ಬಾರಿಸಿದ್ದು?"

"ಅದೂ ಇಲಾಖೆನೇ."

"ನಮ್ಮ ಶಾಲೆ ವಾರ್ಷಿಕೋತ್ಸವದಲ್ಲಿ ಊಟ ಸಾಲದೆ ಬಂದಿದ್ದು?"

"ಇಲ್ಲ ಮೇಡಂ. ಅದು ನಿಜವಾಗ್ಲೂ ಸಾಲಲಿಲ್ಲ."

ಬೈಯಲು ಎದ್ದವರು ನಗುತ್ತ ಕೂತರು. ಅಷ್ಟರಲ್ಲಿ ಯಾರೋ ಮೆಲ್ಲಗೆ ಕೇಳಿದರು: "ಹಾಗಾದ್ರೆ ಇವತ್ತಿಂದು ಯಾವುದು?" ತಕ್ಷಣ ಎಲ್ಲರ ಕತ್ತೂ ಮೇಲಕ್ಕೆ ಹೋಯಿತು, ದೀಪಗಳ ಕಡೆಗೆ. ಕೆಲವರು ಕುರ್ಚಿಯ ಕಾಲು ಅಲ್ಲಾಡಿಸಿ ನೋಡಿದರು.

ನಗದೆ ಕೂತಿದ್ದವರು ಡಾಕ್ಟರಮ್ಮ ಒಬ್ಬರೇ.

ಗಂಡ ನಾಟಕದವನೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಅವನು ಮದುವೆಯ ಮಾತೆತ್ತಿದ್ದೇ ಒಂದು ಪ್ರದರ್ಶನ. ಅವತ್ತು ಕ್ಲಿನಿಕ್ಕಿನಲ್ಲಿ ಹಲ್ಲುನೋವಿನವರ ಸಾಲು ಬಾಗಿಲಾಚೆಗೂ ನಿಂತಿತ್ತು. ಒಬ್ಬೊಬ್ಬರೇ ಬಂದು ಬಾಯಿ ತೆರೆದರು, ಒಂದರಲ್ಲೂ ಹುಳುಕಿಲ್ಲ. ಬಾಯಿ ಮುಚ್ಚುವ ಮೊದಲು ಪ್ರತಿಯೊಬ್ಬರೂ ಗಡಿಬಿಡಿಯ ಗುಣಗಾನ ಮಾಡಿ ಹೋದರು. ಸಾಲಿನ ಕೊನೆಯಲ್ಲಿ ಅವನೇ ನಿಂತಿದ್ದ, ಕೈಯಲ್ಲಿ ಹೂಗುಚ್ಛ, ಬಾಯಲ್ಲಿ ಎರಡು ನಿಜವಾದ ಹುಳುಕು. ಆಮೇಲಿನ ಹುಟ್ಟುಹಬ್ಬಗಳು, ಜಗಳಗಳು, ರಾಜಿಗಳು, ಎಲ್ಲಕ್ಕೂ ಹಿನ್ನೆಲೆ ಸಂಗೀತ ಇದ್ದೇ ಇರುತ್ತಿತ್ತು.

ಆದರೆ ಒಂದನ್ನು ಅವರು ತಮ್ಮದೆಂದು ಎತ್ತಿಟ್ಟುಕೊಂಡಿದ್ದರು. ಮದುವೆಯ ದಿನ ವೇದಿಕೆಯ ಮೂಲೆ ಕುಸಿದಿತ್ತು. ಕಾಲ ಕೆಳಗಿನ ಹಲಗೆ ಜಾರಿ ಅವರು ಬೀಳುತ್ತಿದ್ದಾಗ ಗಡಿಬಿಡಿ ಮಣಿಕಟ್ಟು ಹಿಡಿದ. ಆ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು, ತುಟಿ ಒಣಗಿತ್ತು. ಈ ಮನುಷ್ಯ ನನಗಾಗಿ ಹೆದರಬಲ್ಲ ಎಂದು ಅವರಿಗೆ ಅವತ್ತು ಗೊತ್ತಾಯಿತು. ಅಷ್ಟು ವರ್ಷ ಅವನ ಗಲಾಟೆಯನ್ನೆಲ್ಲ ಸಹಿಸಿದ್ದು ಆ ಒಂದು ಬಿಳಿ ಮುಖದ ಮೇಲಿನ ನಂಬಿಕೆಯಿಂದ.

ಅದೂ ಇಲಾಖೆಯದ್ದೇ?

ಡಾಕ್ಟರಮ್ಮ ಎದ್ದು ಪರದೆಯ ಹಿಂದೆ ಹೋದರು. ನಾದಿನಿ ಕಿವಿಗೆ ಹೆಡ್‌ಸೆಟ್ಟು ಸಿಕ್ಕಿಸಿ, ಟೇಪಿನ ಸುರುಳಿಯನ್ನು ಬಳೆಯ ಹಾಗೆ ಕೈಗೆ ತೊಟ್ಟು ನಿಂತಿದ್ದಳು.

"ಬಂದ್ರಾ ಅತ್ತಿಗೆ? ಇವರಾದ್ಮೇಲೆ ನೀವೇ. ನೀರು ಬೇಕಾ?"

"ನಮ್ಮ ಮದುವೆ ದಿನ ಇಲಾಖೆಗೆ ರಜೆ ಇತ್ತಾ?"

ನಾದಿನಿ ಹೆಡ್‌ಸೆಟ್ಟಿಗೆ "ಪರದೆ ಸ್ವಲ್ಪ ತಡಿ" ಎಂದಳು. ಪರದೆಯವನು ಏನನ್ನೂ ಕೇಳಿರಲಿಲ್ಲ.

"ನನ್ನ ಮುಖ ನೋಡಿ ಹೇಳು."

"ಆ ಲೈಟಣ್ಣಂಗೆ ಮೈಕು ಕೊಡಬೇಡಿ ಅಂತ ಬಡ್ಕೊಂಡೆ..."

"ನಿನ್ನ ಹಿಂದಿನ ದವಡೆ ಹಲ್ಲು ಯಾವಾಗ ಕೀಳೋದು ಅಂತ ಕೇಳ್ತಿದ್ಯಲ್ಲ? ನಾಳೆನೇ ಕೀಳ್ತೀನಿ. ಇಂಜೆಕ್ಷನ್ ಇಲ್ದೆ."

"ಅಯ್ಯೋ ಅತ್ತಿಗೆ!" ನಾದಿನಿ ಕೆನ್ನೆ ಹಿಡಿದುಕೊಂಡಳು. "ಸರಿ. ರಜೆ ಇರ್ಲಿಲ್ಲ."

ಡಾಕ್ಟರಮ್ಮ ಅಲ್ಲಿದ್ದ ಸ್ಪೀಕರ್ ಡಬ್ಬದ ಮೇಲೆ ಕೂತುಬಿಟ್ಟರು. ಇಷ್ಟು ವರ್ಷ ಬಂಗಾರ ಅಂತ ಇಟ್ಟುಕೊಂಡಿದ್ದು ಚಿನ್ನದ ಲೇಪ ಹಚ್ಚಿದ ತಗಡು. ಸತ್ತವನ ಮೇಲೆ ಬಂದ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

"ಪೂರ್ತಿ ಕೇಳಿ ಅತ್ತಿಗೆ. ಇಳೀಬೇಕಾಗಿದ್ದು ಎಡಗಡೆ ಮೂಲೆ. ನಮ್ಮ ಸೋದರಮಾವ ಕೂತಿದ್ರಲ್ಲ, ಆ ಸೋಫಾ. ವೇದಿಕೆ ಕೆಳಗೆ ಗಾಡಿ ಎತ್ತೋ ಜಾಕ್ ಇಟ್ಕೊಂಡು ನಾನೇ ಕೂತಿದ್ದೆ. ಮಾವ ಭಾಷಣ ಶುರು ಮಾಡಿದ ಮೇಲೆ ನಿಧಾನಕ್ಕೆ ಒಂದು ಗೇಣು ಇಳಿಸೋದು. ಅವರು ಮಾತಾಡ್ತಾ ಮಾತಾಡ್ತಾನೇ ಮುಳುಗ್ಬೇಕು, ಅದು ಅಣ್ಣನ ಆಸೆ."

"ನಾನು ನಿಂತಿದ್ದು ಬಲಗಡೆ."

"ಅದೇ ಹೇಳ್ತಿರೋದು! ನಾನು ಜಾಕಿಗೆ ಕೈ ಹಾಕೋಕೆ ಮುಂಚೆನೇ ನಿಮ್ಮ ಕಡೆ ಹಲಗೆ ಲಟಕ್ ಅಂತು. ಅದು ಯಾರ ಪ್ಲಾನೂ ಅಲ್ಲ. ಯಾವನೋ ಮೊಳೆ ನೆಟ್ಟಗೆ ಹೊಡೆದಿರ್ಲಿಲ್ಲ, ಅಷ್ಟೇ. ಆಮೇಲೆ ಅಣ್ಣ ಏನೋ ನೆಪ ಹೇಳಿ ಕೆಳಗೆ ಬಂದ. ಹೊಸ ಸೂಟಲ್ಲೇ ಮಂಡಿ ಊರಿ ಒಂದೊಂದು ಹಲಗೆನೂ ತಟ್ಟಿ ನೋಡಿದ. ಟಾರ್ಚು ಎರಡು ಸಲ ಬೀಳಿಸಿದ, ಕೊನೆಗೆ ನಾನೇ ಹಿಡೀಬೇಕಾಯ್ತು. ಆಮೇಲೆ ಜನರೇಟರ್ ಹಿಂದೆ ಹೋಗಿ ವಾಂತಿ ಮಾಡ್ಕೊಂಡ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನನ್ನ ಕಥೆ ಮುಗಿಸ್ತೀನಿ ಅಂದಿದ್ದ. ವರ ವಾಂತಿ ಮಾಡ್ಕೊಳ್ಳೋ ಸೀನು ಈ ಕಾರ್ಯಕ್ರಮದಲ್ಲಿ ಇಲ್ಲ ಅಂತ."

"ಮತ್ತೆ ಮಾವ?"

"ಮಾವನ್ನ ಮುಳುಗಿಸೋ ಮನಸ್ಸು ಯಾರಿಗಿತ್ತು? ಭಾಷಣ ಪೂರ್ತಿ ಮಾಡಿದ್ರು. ಅವತ್ತಿನ ದೊಡ್ಡ ಅನಾಹುತ ಅಂದ್ರೆ ಅದೇ."

ಆಗಲೇ ಆಚೆ ಡಾಕ್ಟರಮ್ಮನನ್ನು ಕರೆದರು. ಅವರು ಎದ್ದು, ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತರು. ಗಂಭೀರವಾದ ನಾಲ್ಕು ಮಾತು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಮೊದಲನೆಯದಕ್ಕೆ ಬಾಯಿ ತೆರೆದಾಗ ಮುಳುಗದೆ ಉಳಿದ ಮಾವ, ಜನರೇಟರಿನ ಹಿಂದೆ ಸೂಟಿನಲ್ಲಿ ಬಗ್ಗಿದ ಮದುಮಗ, ಇಬ್ಬರೂ ಒಟ್ಟಿಗೇ ಕಣ್ಣ ಮುಂದೆ ಬಂದರು. ನಗು ಉಕ್ಕಿತು. ಹಿಡಿದಷ್ಟೂ ಜೋರಾಯಿತು. ಕೊನೆಗೆ ಮೈಕಿನ ಕಂಬ ಹಿಡಿದು ಬಗ್ಗಿ, ಕಣ್ಣಲ್ಲಿ ನೀರು ಬರುವವರೆಗೆ, ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಭೆ ಗರಬಡಿದಂತೆ ಕೂತಿತ್ತು. ಆಮೇಲೆ ಮಾಜಿ ಮೇಯರ್ ಕುರ್ಚಿಯಿಂದ ಚಿಮ್ಮಿ ಎದ್ದರು.

"ಸಿಕ್ತು! ಇವತ್ತಿಂದು ಇದೇ! ಹೆಂಡ್ತೀನೂ ಇಲಾಖೆಗೆ ಸೇರಿಸ್ಕೊಂಡುಬಿಟ್ಟಿದ್ದಾನೆ ಕಣ್ರೀ!"

ಚಪ್ಪಾಳೆ ಸುರಿಯಿತು. ಪರದೆಯ ಸಂದಿಯಿಂದ ನಾದಿನಿ ಎರಡೂ ಕೈ ಆಡಿಸಿ 'ನನಗೇನೂ ಗೊತ್ತಿಲ್ಲ' ಎಂದು ಸನ್ನೆ ಮಾಡುತ್ತಿದ್ದಳು. ಮದುವೆ ದಿನದ ನಿಜವನ್ನು ಡಾಕ್ಟರಮ್ಮ ಹೇಳಬಹುದಿತ್ತು. ಹೇಳಿದರೆ ಸಂಜೆಯೊಳಗೆ ಅದು ಊರಿನ ಊಟದ ಮೇಜುಗಳಿಗೆಲ್ಲ ಬಡಿಸಿಹೋಗುತ್ತದೆ; ನಾಳೆ ಕ್ಲಿನಿಕ್ಕಿನ ಕುರ್ಚಿಯಲ್ಲಿ ಒರಗಿದವರು ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಅದನ್ನು ತಿರುಗಿ ಹೇಳುತ್ತಾರೆ.

ಡಾಕ್ಟರಮ್ಮ ಕಣ್ಣೊರೆಸಿಕೊಂಡು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ಹೌದು," ಎಂದರು, ಮುಖದ ಒಂದು ಗೆರೆಯನ್ನೂ ಅಲುಗಿಸದೆ. "ಎರಡು ಸಲ ರಿಹರ್ಸಲ್ ಮಾಡ್ಸಿದ್ರು. ಎರಡನೇ ಸಲ ನಾನು ಸಾಕಷ್ಟು ನಗಲಿಲ್ಲ ಅಂತ ಬೈದ್ರು ಕೂಡ."